ಸಂಡಿಗೆ ಕಾವಲು

ಶಿವರಾತ್ರಿ ಮುಗಿದು ಯುಗಾದಿ ಇನ್ನೂ ಬಾರದ ದಿನಗಳಲ್ಲಿ ಹೊನ್ನೇಕೆರೆಯ ಆಕಾಶವನ್ನು ನಂಬಿ ಒಂದು ಟವೆಲ್ಲನ್ನೂ ಒಣಗಹಾಕಬಾರದು. ಬೆಳಿಗ್ಗೆ ಕೆರೆಯ ಮೇಲೆ ಮಂಜು ಕವಿದಿರುತ್ತದೆ, ತಿಂಡಿಯ ಹೊತ್ತಿಗೆ ತಲೆ ಸುಡುವ ಬಿಸಿಲು, ಊಟಕ್ಕೆ ಕೂತರೆ ಕೆರೆ ಕಡೆಯಿಂದ ಗಾಳಿ, ಕೈ ತೊಳೆಯುವಷ್ಟರಲ್ಲಿ ನಾಲ್ಕು ಹನಿ, ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಬಿಸಿಲು. ಹೇಮಾವತಿ ನೀರು ಬಂದು ಕೆರೆ ತುಂಬಿದ ಮೇಲೆ ಈ ಹುಚ್ಚಾಟ ಇನ್ನೂ ಜಾಸ್ತಿಯಾಗಿದೆ ಎಂದು ಊರಿನವರ ವಾದ. ಅದಕ್ಕೆ ಆಧಾರ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಊರಿನ ಹೆಂಗಸರಿಗೆ ಆಧಾರ ಬೇಕಾಗಿಯೂ ಇಲ್ಲ, ಅವರ ಸಂಡಿಗೆ ನೆಂದಿದೆ.

ದಯಾನಂದನ ಮನೆಯಲ್ಲಿ ಹೋದ ವರ್ಷ ನೆಂದದ್ದು ಮಾತ್ರ ಆಕಾಶದ ತಪ್ಪಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಈ ಮನುಷ್ಯನಿಗೆ ಹೆಂಡತಿ ಜ್ಯೋತಿಲಕ್ಷ್ಮಿ “ಸ್ವಲ್ಪ ಮಹಡಿ ಕಡೆ ನೋಡ್ಕೊಳ್ರೀ” ಎಂದು ಹೇಳಿ ಹೋಗಿದ್ದಳು. ಅವನು ಮಹಡಿಯ ಮೇಲೇ ಕೂತು ಮೊಬೈಲು ನೋಡಿಕೊಂಡಿದ್ದ. ಮಳೆ ಬಂದದ್ದು ಅವನಿಗೆ ತಿಳಿದದ್ದು ಮೊಬೈಲಿನ ಗಾಜು ಒದ್ದೆಯಾದಾಗ. ಮೂರು ದಿನ ಬೆನ್ನು ಬಗ್ಗಿಸಿ ಒತ್ತಿದ ಸಂಡಿಗೆ ಮತ್ತೆ ಗಂಜಿಯಾಗಿತ್ತು. ಯುಗಾದಿ ಕಳೆಯುವವರೆಗೂ ಜ್ಯೋತಿ ಅವನ ಜೊತೆ ಮಾತಾಡಿರಲಿಲ್ಲ.

ಈ ವರ್ಷ ಸಂಡಿಗೆ ಮುಕ್ಕಾಲು ಒಣಗಿದ್ದಾಗ ಅವಳಿಗೆ ಕೆಂಕೆರೆಯ ತವರಿಗೆ ಹೋಗುವ ಕೆಲಸ ಬಿತ್ತು. ಅವ್ವ ರೇವಮ್ಮನಿಗೆ ಮೈ ಹುಷಾರಿಲ್ಲ, ನಾಳೆ ಭಾನುವಾರ ಸಂಜೆ ಬಸ್ಸಿಗೆ ಬಂದುಬಿಡುತ್ತೇನೆ ಎಂದಳು. ಹೊಸಿಲು ದಾಟುವ ಮೊದಲು ಗಂಡನನ್ನು ನಿಲ್ಲಿಸಿಕೊಂಡಳು.

“ಇನ್ನೊಂದು ದಿನದ ಬಿಸಿಲು ಬಿದ್ರೆ ಸಾಕು. ಬೆಳಿಗ್ಗೆ ಹರವಿ, ಸಂಜೆ ಎತ್ತಿ. ಮಧ್ಯದಲ್ಲಿ ಮನೆ ಬಿಟ್ಟು ಕದಲಬ್ಯಾಡಿ.”

“ಭಾನುವಾರ ಅಂಗಡಿ ರಜಾ ಕಣೇ. ಎಲ್ಲಿಗೆ ಹೋಗ್ಲಿ ನಾನು?”

“ಹೋದ್ವರ್ಷನೂ ಹಿಂಗೇ ಅಂದಿದ್ರಿ. ಈ ಸಲ ಏನಾರಾ ಆದ್ರೆ ಬಂದ ಬಸ್ಸಲ್ಲೇ ವಾಪಸ್ ಹೋಗ್ತೀನಿ. ಹಬ್ಬ ಅವ್ವನ ಮನೇಲೇ ಮಾಡ್ತೀನಿ. ನೀವು ಇಲ್ಲಿ ಒಬ್ಬರೇ ಬೇವು ತಿನ್ಕೊಂಡು ಇರಿ.”

ಜ್ಯೋತಿ ಹೇಳಿದ್ದನ್ನು ಮಾಡುವ ಹೆಂಗಸು. ಅದು ಗೊತ್ತಿದ್ದರಿಂದಲೇ ದಯಾನಂದ ಭಾನುವಾರ ಮಂಜು ಕರಗುವ ಮೊದಲೇ ಮಹಡಿ ಹತ್ತಿದ. ಹಳೇ ಪಂಚೆಯ ಮೇಲೆ ಸಂಡಿಗೆ ಹರವಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕಾಗೆ ಓಡಿಸಲು ಒಂದು ತೆಂಗಿನ ಗರಿ ಹಿಡಿದು ಕೂತ. ಮೊಬೈಲನ್ನು ಕೆಳಗೆ ಬಿಟ್ಟು ಬಂದಿದ್ದ. ಇಷ್ಟು ಎಚ್ಚರಿಕೆಯ ಮನುಷ್ಯನಿಗೆ ತೊಂದರೆ ಬೇರೆ ಕಡೆಯಿಂದ ಬಂತು.

ಎದುರು ಮನೆ ಕೆಂಚಪ್ಪನ ಜಗುಲಿಯಿಂದ ಅಳುವ ಸದ್ದು ಕೇಳಿಸಿತು. ಹಿಂದೆಯೇ ಪಕ್ಕದ ಮನೆಯ ಚಿಕ್ಕಗೌರಮ್ಮ ಬೀದಿಯಲ್ಲಿ ನಿಂತು ಕತ್ತೆತ್ತಿ ಕೂಗಿದಳು.

“ದಯಾ, ಇಳಿದು ಬಾರಪ್ಪ. ಕೆಂಚಪ್ಪನ ಅಣ್ಣ ಗಿಡ್ಡಯ್ಯ ಹೋಗ್ಬುಟ್ನಂತೆ. ತಿಪಟೂರಲ್ಲಿ ಮಗನ ಮನೇಲಿ. ಈಗ ಫೋನು ಬಂತು.”

ಗಿಡ್ಡಯ್ಯ ತೊಂಬತ್ತು ದಾಟಿದ ಮುದುಕ. ಸಾವು ಅನಿರೀಕ್ಷಿತವೇನಲ್ಲ. ಆದರೆ ಹೊನ್ನೇಕೆರೆಯಲ್ಲಿ ಮದುವೆಗೆ ತಪ್ಪಿಸಿಕೊಂಡವನನ್ನು ಕ್ಷಮಿಸಿಯಾರು, ಮಣ್ಣಿಗೆ ತಪ್ಪಿಸಿಕೊಂಡವನನ್ನು ಅಲ್ಲ. ಬೀದಿಯ ಒಂದು ಮನೆಗೆ ಸಾವು ಮುಟ್ಟಿದರೆ ಎಲ್ಲ ಮನೆಯಿಂದಲೂ ಹೋಗಲೇಬೇಕು. ಹೋಗದವನ ಮನೆಯಲ್ಲಿ ನಾಳೆ ಏನಾದರೂ ಆದರೆ ಚಟ್ಟಕ್ಕೆ ಹೆಗಲು ಕೊಡುವವರಿರುವುದಿಲ್ಲ. ದಯಾನಂದ ಕೆಳಗಿಳಿದು ಬರುವಷ್ಟರಲ್ಲಿ ಕೊಬ್ಬರಿ ವ್ಯಾಪಾರದ ರೇಣುಕಪ್ರಸಾದ್ ಆಗಲೇ ಗೂಡ್ಸ್ ಟೆಂಪೋ ಗೊತ್ತು ಮಾಡಿ ಹಿಂಬಾಗಿಲು ಇಳಿಸಿದ್ದ.

“ಹತ್ಲಾ ದಯಾ, ಮುಂದುಗಡೆ ಜಾಗ ಐತೆ.”

“ರೇಣುಕಣ್ಣ, ನನಗೆ ಯಾಕೋ ಜ್ವರ ಬಂದಂಗೈತೆ.”

ರೇಣುಕಪ್ರಸಾದ್ ಅವನ ಹಣೆಗೆ ಕೈಯಿಟ್ಟು ನೋಡಿದ. “ಸೌತೆಕಾಯಿ ಇದ್ದಂಗೈತೆ. ಹತ್ತು.”

“ಅಂಗಡೀಲಿ ಒಂದು ಮೋಟಾರು ಅರ್ಜೆಂಟು…”

“ಭಾನುವಾರ ನಿನ್ನ ಅಂಗಡಿ ಬಾಗಿಲು ತೆಗೆದದ್ದು ಯಾವಾಗ್ಲಾ?” ಎಂದವನು ಕಡೆಮನೆ ಮೂಡಲಗಿರಿಯಪ್ಪ. ಅವನು ಆಗಲೇ ಟೆಂಪೋ ಹತ್ತಿ ಸೈಡಿನಲ್ಲಿ ಜಾಗ ಹಿಡಿದಾಗಿತ್ತು.

ಹೆಂಡತಿಯ ಸಂಡಿಗೆ ಕಾಯಬೇಕು ಎಂದು ಹೇಳುವ ಹಾಗಿರಲಿಲ್ಲ. ಹೆಣದ ಮುಂದೆ ಸಂಡಿಗೆಯ ಮಾತೆತ್ತಿದ ಗಂಡಸು ಆ ಊರಿನಲ್ಲಿ ಬಾಳುವುದು ಕಷ್ಟ. ದಯಾನಂದ ಮಹಡಿ ಕಡೆ ನೋಡಿದ. ಕೆರೆಯ ಆಚೆ ದಿಣ್ಣೆಯ ಮೇಲೆ ಒಂದು ಮೋಡದ ತುಂಡು ತಲೆಯೆತ್ತಿತ್ತು. ಜ್ಯೋತಿ ಬಸ್ಸಿಳಿದು, ಗಂಜಿ ನೋಡಿ, ಬ್ಯಾಗನ್ನೂ ಕೆಳಗಿಡದೆ ಹಿಂದಿರುಗುವುದು ಕಣ್ಣಿಗೆ ಕಟ್ಟಿತು. ಮಣ್ಣಿಗೆ ಬರಬೇಡ ಎಂದು ಊರೇ ಹೇಳುವಂಥ ಕಾರಣ ಒಂದೇ ಒಂದು ಇತ್ತು. ಅದು ತಲೆಗೆ ಹೊಳೆಯುವ ಮೊದಲೇ ಬಾಯಿಂದ ಹೊರಬಿತ್ತು.

“ನಾನು ಬರೋ ಹಂಗಿಲ್ಲ ರೇಣುಕಣ್ಣ. ಜ್ಯೋತಿಗೆ ಎರಡು ತಿಂಗಳು.”

ಟೆಂಪೋ ಹತ್ತುತ್ತಿದ್ದವರು ತಿರುಗಿ ನೋಡಿದರು. ಬಸುರಿ ಹೆಂಡತಿಯಿರುವ ಗಂಡಸು ಹೆಣದ ಮುಖ ನೋಡಬಾರದು, ಮಣ್ಣಿಗೆ ಹೋಗಬಾರದು. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಮದುವೆಯಾಗಿ ಆರು ವರ್ಷವಾದರೂ ಆ ಮನೆಯಲ್ಲಿ ತೊಟ್ಟಿಲು ಕಟ್ಟಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಮೊದಲು ಕದಲಿದವಳು ಚಿಕ್ಕಗೌರಮ್ಮ. ಎರಡೂ ಕೈಯಿಂದ ದಯಾನಂದನ ಮುಖ ನೀವಾಳಿಸಿ, ತನ್ನ ಹಣೆಯ ಎರಡೂ ಬದಿಗೆ ಒತ್ತಿ ಲಟಲಟನೆ ನೆಟಿಕೆ ಮುರಿದಳು. “ನನ್ನಪ್ಪ, ಇಂಥಾ ಸುದ್ದಿ ಇಟ್ಕೊಂಡು ಜ್ವರ ಅಂತೀಯಲ್ಲೋ!” ಮೂಡಲಗಿರಿಯಪ್ಪ ಮೇಲಿಂದಲೇ ಕೈ ಮುಗಿದ. ಜಗುಲಿಯ ಮೇಲೆ ಅಳುತ್ತಿದ್ದ ಕೆಂಚಪ್ಪ ಕೂಡ ಅಳು ನಿಲ್ಲಿಸಿ, “ಒಳ್ಳೇದಾಗ್ಲಿ ಕಣಪ್ಪ, ನಮ್ಮಣ್ಣನೇ ನಿಮ್ಮನೇಲಿ ಹುಟ್ಟಿ ಬತ್ತಾನೆ” ಎಂದು ಹರಸಿ, ಬಿಟ್ಟ ಕಡೆಯಿಂದ ಅಳು ಮುಂದುವರಿಸಿದ.

ದಯಾನಂದನಿಗೆ ಒಳಗೇ ಚುಚ್ಚಿತು. ಆರು ವರ್ಷದಿಂದ ಜ್ಯೋತಿ ಈ ಹೆಂಗಸರ ಪ್ರಶ್ನೆಗಳನ್ನು ನುಂಗಿಕೊಂಡು ಬಂದಿದ್ದಳು. ನೀರಿಗೆ ಹೋದಾಗ, ಅರಿಸಿನ ಕುಂಕುಮಕ್ಕೆ ಹೋದಾಗ, ಕೊನೆಗೆ ಸಂಡಿಗೆ ಒತ್ತುವಾಗಲೂ. ಅಂಥವಳ ಮೇಲೆ ಇಂಥ ಸುಳ್ಳು ಹೇಳಬಾರದಾಗಿತ್ತು. ಆದರೆ ಅವಳು ಕೆಂಕೆರೆಯಲ್ಲಿ, ಇವರು ಹೋಗುವುದು ತಿಪಟೂರಿಗೆ. ಒಂದಕ್ಕೂ ಇನ್ನೊಂದಕ್ಕೂ ದೂರವಿದೆ. ನಾಳೆ ಹೇಗಾದರೂ ಸರಿಮಾಡಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

“ಹಂಗಾದ್ರೆ ನೀನು ಬರ್ಲೇಬ್ಯಾಡ” ಎಂದ ರೇಣುಕಪ್ರಸಾದ್. ಆಮೇಲೆ ಏನೋ ಜ್ಞಾಪಿಸಿಕೊಂಡವನಂತೆ ಹತ್ತಿರ ಬಂದ. “ಹೆಂಗೂ ಮನೇಲೇ ಇರ್ತೀಯಲ್ಲ. ನಮ್ಮ ಕಣದಾಗೆ ಕೊಬ್ಬರಿ ಹರವಿವ್ನಿ. ವರ್ಷ ಅಟ್ಟದ ಮೇಲಿದ್ದ ಕಾಯಿ, ನಿನ್ನೆ ಒಡೆಸಿದ್ದು. ನಾಳೆ ಮಾರ್ಕೆಟ್ಟಿಗೆ ಹೋಗ್ಬೇಕು. ಒಂದು ಹನಿ ಬಿದ್ರೂ ಕಪ್ಪಾಗ್ತದೆ. ಮೋಡ ಕಂಡ್ರೆ ಒಳಕ್ಕೆ ಹಾಕ್ಬುಡು.”

“ನಮ್ಮ ಮಹಡಿ ಮೇಲೆ ಮೆಣಸಿನಕಾಯಿ ಅವೆ ಕಣಪ್ಪ” ಎಂದಳು ಚಿಕ್ಕಗೌರಮ್ಮ.

“ನಮ್ಮಂಗಳದಾಗೆ ಹುಣಸೆಹಣ್ಣು” ಎಂದ ಮೂಡಲಗಿರಿಯಪ್ಪ. “ಹಂಗೇ ಎಮ್ಮೆಕರೂನ ನೆರಳಿಗೆ ಕಟ್ಬುಡು.”

ಮೂರು ಮನೆಯ ಬೀಗದ ಕೈಗಳನ್ನು ಅವನ ಅಂಗೈಗೆ ಸುರಿದು, ಟೆಂಪೋ ಹೊಗೆ ಬಿಡುತ್ತಾ ಕೆರೆ ಏರಿಯ ಮೇಲೆ ಮರೆಯಾಯಿತು. ಒಂದು ಪಂಚೆ ಸಂಡಿಗೆ ಕಾಯಲು ಸುಳ್ಳು ಹೇಳಿದವನಿಗೆ ಒಂದು ಬೀದಿಯೇ ಗಂಟುಬಿತ್ತು.

ಟೆಂಪೋ ಹೋಗಿ ಸ್ವಲ್ಪ ಹೊತ್ತಿಗೆ ಬಿಸಿಲು ಮಂಕಾಯಿತು. ದಿಣ್ಣೆಯ ಮೇಲಿದ್ದ ಮೋಡದ ತುಂಡು ಕೆರೆಯ ನಡುಮಧ್ಯಕ್ಕೆ ಬಂದು ನಿಂತಿತ್ತು. ದಯಾನಂದ ಓಡಿದ. ರೇಣುಕಪ್ರಸಾದನ ಕಣದಿಂದ ಕೊಬ್ಬರಿಯನ್ನು ಮಂಕರಿಗೆ ತುಂಬಿ ತುಂಬಿ ಒಳಗೆ ಸುರಿದ. ಚಿಕ್ಕಗೌರಮ್ಮನ ಮೆಟ್ಟಿಲು ಹತ್ತಿ ಮೆಣಸಿನಕಾಯನ್ನು ಸೀರೆಸಮೇತ ಗಂಟು ಕಟ್ಟಿ ಎಳೆದು ತಂದ. ಹುಣಸೆಹಣ್ಣು ಬಾಚಿದ. ಕರು ಹಗ್ಗ ಬಿಚ್ಚಿದ್ದೇ ತಡ ತೋಟದ ಕಡೆ ಓಟ ಕಿತ್ತಿತು, ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದ. ಕೊನೆಗೆ ತನ್ನ ಮಹಡಿ ಹತ್ತಿ ಸಂಡಿಗೆಯನ್ನು ಪಂಚೆಸಮೇತ ಎತ್ತಿ ಮೆಟ್ಟಿಲ ಬಳಿ ತಂದಿಡುವಷ್ಟರಲ್ಲಿ ಮೋಡ ಸರಿದು ಬಿಸಿಲು ಫಳಫಳ ಹೊಡೆಯಿತು. ಒಂದು ಹನಿಯೂ ಬೀಳಲಿಲ್ಲ.

ಗೋಡೆಗೊರಗಿ ಉಸಿರು ತೆಗೆದುಕೊಳ್ಳುತ್ತಿರುವಾಗ ಒಳಗಿದ್ದ ಮೊಬೈಲು ಕೂಗಿತು. ರೇಣುಕಪ್ರಸಾದ್. ಅದೂ ವಿಡಿಯೋ ಕಾಲು.

“ಲೇ ದಯಾ, ಕೊಬ್ಬರಿ ತೋರ್ಸು ನೋಡಾಣ.”

“ಒಳಗೈತೆ ಅಣ್ಣ. ಮೋಡ ಬಂದಿತ್ತು.”

“ಇಂಥಾ ಬಿಸಿಲು ಇಟ್ಕೊಂಡು ಒಳಗ್ಯಾಕ್ಲಾ ಹಾಕಿದೆ? ಬಿಸಿ ಕೊಬ್ಬರಿ ರಾಶಿ ಹಾಕಿದ್ರೆ ಬೆವರ್ತದೆ! ಮೊದ್ಲು ಹರವು!”

ಗಾಜಿನ ಮೂಲೆಯಲ್ಲಿ ಚಿಕ್ಕಗೌರಮ್ಮನ ಮುಖ ತೂರಿತು. “ನನ್ನ ಮೆಣಸಿನಕಾಯೂ ಹರವಪ್ಪ. ಮುಗ್ಗಲು ವಾಸನೆ ಬಂದ್ರೆ ಸಾರು ಉಣ್ಣಕ್ಕಾಗಲ್ಲ.”

ಹೂಂ ಹೂಂ ಎನ್ನುತ್ತಿದ್ದ ದಯಾನಂದನ ಕಣ್ಣು ಅವರ ಬೆನ್ನ ಹಿಂದೆ ಹೋಯಿತು. ಅಲ್ಲಿ ತಿಪಟೂರಿನ ಬೀದಿಯಿರಲಿಲ್ಲ. ಸಾಲು ತೆಂಗು, ಅದರ ಸಂದಿಯಲ್ಲಿ ಒಂದು ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಹಸಿರು ಬಣ್ಣದ ಒಂದು ಮನೆ. ಆ ಹಸಿರು ಬಣ್ಣವನ್ನು ಹೋದ ದೀಪಾವಳಿಯಲ್ಲಿ ಅವನೇ ಏಣಿ ಹತ್ತಿ ಬಳಿದಿದ್ದ. ಅದು ಅವನ ಅತ್ತೆ ರೇವಮ್ಮನ ಮನೆ.

“ರೇಣುಕಣ್ಣ,” ಅವನು ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದ. “ನೀವೆಲ್ಲಿದೀರ?”

“ಕೆಂಕೆರೇಲಿ. ಗಿಡ್ಡಯ್ಯಂದು ಹಿರೀರ ತೋಟ ಇಲ್ಲೇ ಅಲ್ವೇನ್ಲಾ? ಹೆಂಡ್ತಿ ಸಮಾಧಿ ಪಕ್ಕಾನೇ ಮಣ್ಣು ಮಾಡ್ಬೇಕು ಅಂತ ಹೇಳಿದ್ನಂತೆ. ತಿಪಟೂರಿಂದ ನೇರ ಇಲ್ಲಿಗೇ ತಂದವ್ರೆ.”

ನಮ್ಮ ಸೀಮೆಯಲ್ಲಿ ಸತ್ತವರನ್ನು ಅವರವರ ತೋಟದಲ್ಲೇ ಮಣ್ಣು ಮಾಡುತ್ತಾರೆ. ಮನುಷ್ಯ ಎಲ್ಲೇ ಸಾಯಲಿ, ಯಾರ ಮನೆಯಲ್ಲೇ ಸಾಯಲಿ, ಕೊನೆಗೆ ಹೋಗುವುದು ತನ್ನ ತೆಂಗಿನ ಬುಡಕ್ಕೆ. ಇದು ಚಿಕ್ಕ ಮಗುವಿಗೂ ಗೊತ್ತಿರುವ ವಿಷಯ. ಗಿಡ್ಡಯ್ಯನ ತೋಟ ಯಾವ ಊರಲ್ಲಿದೆ ಎಂದು ಸುಳ್ಳು ಹೇಳುವ ಮೊದಲು ಒಂದು ಮಾತು ಕೇಳಬೇಕಿತ್ತು. ಕೇಳಿರಲಿಲ್ಲ.

“ದೊಡ್ಡವ್ವನಿಗೆ ಫೋನು ಕೊಡಣ್ಣ” ಎಂದ. ಚಿಕ್ಕಗೌರಮ್ಮ ಪೂರ್ತಿ ಗಾಜು ತುಂಬಿಕೊಂಡು ಬಂದಳು.

“ದೊಡ್ಡವ್ವ, ಜ್ಯೋತಿ ಸಿಕ್ಕಿದ್ಳಾ?”

“ಇನ್ನೂ ಇಲ್ಲ. ಮಣ್ಣಿನ ಹತ್ರ ಬರ್ಲಿಲ್ಲ ಅವಳು. ಒಳ್ಳೇದೇ ಮಾಡಿದ್ಳು, ತಿಳಿದೋಳು. ಇಲ್ಲಿ ಮುಗಿಸ್ಕೊಂಡು ಮೈತೊಳ್ಕೊಂಡು ಅವ್ರ ಬಾಗಿಲಿಗೆ ಹೋಗಿ ಮಾತಾಡಿಸ್ಕೊಂಡೇ ಬತ್ತೀವಿ.”

“ಬ್ಯಾಡಿ ದೊಡ್ಡವ್ವ! ಹೋಗ್ಬ್ಯಾಡಿ! ಮೂರು ತಿಂಗಳು ತುಂಬೋಗಂಟ ಯಾರಿಗೂ ಹೇಳ್ಬಾರ್ದು ಅಂತ…”

“ಹೆತ್ತ ತಾಯಿಗೆ ಎಂಥಾ ಗುಟ್ಟೋ? ನಿನಗೇನು ಗೊತ್ತಾಗ್ತದೆ, ಗಂಡಸು. ನೀನು ಮೆಣಸಿನಕಾಯಿ ಹರವು ಹೋಗು.” ಫೋನು ಕಟ್ಟಾಯಿತು.

ದಯಾನಂದ ಜ್ಯೋತಿಗೆ ಫೋನು ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸ್ವಿಚ್ ಆಫ್. ಅತ್ತೆಗೆ ಮಾಡೋಣವೆಂದರೆ ಏನೆಂದು ಹೇಳುವುದು? ‘ಅತ್ತೆ, ನಿಮ್ಮ ಬಾಗಿಲಿಗೆ ಹೆಂಗಸರು ಬರ್ತಾರೆ, ಏನು ಹೇಳಿದರೂ ನಂಬಬೇಡಿ’ ಎಂದರೆ ರೇವಮ್ಮ ಮೊದಲು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುವ ಹೆಂಗಸು. ಬೈಕು ಹತ್ತಿ ಹೊರಟುಬಿಡೋಣವೆಂದರೆ ಇಲ್ಲಿ ನಾಲ್ಕು ಮನೆಯ ಮಾಲು ಅವನ ತಲೆಯ ಮೇಲಿತ್ತು. ಬೇರೆ ದಾರಿ ಕಾಣದೆ ಮತ್ತೆ ಕೊಬ್ಬರಿ ಹೊತ್ತು ಹೊರಗೆ ಹರವಿದ. ಮೆಣಸಿನಕಾಯಿ ಹೊತ್ತು ಮೆಟ್ಟಿಲು ಹತ್ತಿದ. ಹುಣಸೆಹಣ್ಣು, ಸಂಡಿಗೆ. ಕರು ಅವನನ್ನು ಕಂಡು ಇನ್ನೊಂದು ಸಲ ಓಡಲು ಸಿದ್ಧವಾಗಿ ಎದ್ದು ನಿಂತಿತು.

ಗಾಳಿ ಎದ್ದದ್ದು ಆಗ. ಕೆರೆಯ ಕಡೆಯಿಂದ ಬಂದ ಗಾಳಿ ಏರಿಯ ಮೇಲಿನ ದೂಳನ್ನೆಲ್ಲ ಗುಡಿಸಿಕೊಂಡು ಬಂದು ಬೀದಿಗೆ ಸುರಿಯಿತು. ಚಿಕ್ಕಗೌರಮ್ಮನ ಒಣ ಮೆಣಸಿನಕಾಯಿ ಮಹಡಿಯಿಂದ ಹಾರಿ ದಯಾನಂದನ ತಲೆಯ ಮೇಲೆ, ಹೆಗಲ ಮೇಲೆ, ರೇಣುಕಪ್ರಸಾದನ ಕಣದ ಮೇಲೆ ಉದುರಿತು. ಅವನು ಹಿಡಿಯಲು ಹೋದ. ಹಿಡಿದ ಕೈಯಲ್ಲೇ ಬೆವರು ಒರೆಸಿಕೊಂಡ. ಆಮೇಲೆ ಸ್ವಲ್ಪ ಹೊತ್ತು ಹೊನ್ನೇಕೆರೆಯ ಬೀದಿಯಲ್ಲಿ ಒಬ್ಬನೇ ಗಂಡಸು ಕಣ್ಣು ಮುಚ್ಚಿಕೊಂಡು, ಎರಡೂ ಕೈ ಮುಂದೆ ಚಾಚಿಕೊಂಡು, “ನೀರು, ನೀರು” ಎಂದು ಕೂಗುತ್ತಾ ಓಡಾಡಿದ. ಕೊಡಲು ಯಾರೂ ಇರಲಿಲ್ಲ. ಎಲ್ಲರೂ ಮಣ್ಣಿಗೆ ಹೋಗಿದ್ದರು.

ಮೂಡಲಗಿರಿಯಪ್ಪನ ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ಮುಖವಿಟ್ಟು ಕಣ್ಣು ತೆರೆದಾಗ ಆಕಾಶದಲ್ಲಿ ಸೂರ್ಯನೇ ಇರಲಿಲ್ಲ. ಈ ಸಲದ ಮೋಡ ತುಂಡಲ್ಲ, ಕೆರೆಯಗಲ. ನೀರು ಬಣ್ಣ ಬದಲಿಸಿ ಸೀಸದ ಹಾಗಾಗಿತ್ತು. ಕೊಕ್ಕರೆಗಳು ಸಾಲಾಗಿ ಎದ್ದು ತೋಟದ ಕಡೆ ಹೋದವು. ದೂರದಲ್ಲಿ ಗುಡುಗು ಹೊರಳಿತು.

ಈ ಸಲ ಯಾವುದು ಮೊದಲು ಎಂದು ಯೋಚಿಸಲು ಹೊತ್ತಿರಲಿಲ್ಲ. ಕಾಲಿಗೆ ಹತ್ತಿರವಿದ್ದುದು ಹುಣಸೆಹಣ್ಣು, ಅದನ್ನು ಎಳೆದ. ಆಮೇಲೆ ಕೊಬ್ಬರಿ. ಮಂಕರಿ ಹುಡುಕುವ ತಾಳ್ಮೆಯಿಲ್ಲದೆ ಕೆಳಗೆ ಹಾಸಿದ್ದ ಟಾರ್ಪಾಲಿನ ನಾಲ್ಕು ಮೂಲೆ ಹಿಡಿದು, ಹಿಮ್ಮುಖವಾಗಿ ನಡೆದು, ಕೊಬ್ಬರಿಯನ್ನೂ ಅದರ ಮೇಲೆ ಬಿದ್ದ ಮೆಣಸಿನಕಾಯನ್ನೂ ಒಟ್ಟಿಗೆ ಹೊಸಿಲು ದಾಟಿಸಿದ. ಚಿಕ್ಕಗೌರಮ್ಮನ ಮಹಡಿಯಲ್ಲಿ ಉಳಿದದ್ದನ್ನು ಲುಂಗಿಯ ಮಡಿಲಿಗೆ ತುಂಬಿಕೊಂಡ. ಬೆನ್ನು ಮುರಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಕಡೆಗೆ ಏದುಸಿರು ಬಿಡುತ್ತಾ ತನ್ನ ಮಹಡಿ ಹತ್ತಿದ. ಸಂಡಿಗೆ ಬೆಳ್ಳಗೆ ಗರಿಗರಿಯಾಗಿ ಒಣಗಿ ಪಂಚೆಯ ಮೇಲೆ ಹಾಯಾಗಿ ಮಲಗಿತ್ತು. ಇನ್ನೂ ಒಂದು ಹನಿಯೂ ಬಿದ್ದಿರಲಿಲ್ಲ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಬಗ್ಗಿ ಪಂಚೆಯ ಎರಡು ಮೂಲೆ ಕೈಗೆ ತೆಗೆದುಕೊಂಡ.

ಜೇಬಿನಲ್ಲಿ ಮೊಬೈಲು ಕೂಗಿತು. ಜ್ಯೋತಿಯಿರಬಹುದು ಎಂದು ಮೂಲೆ ಬಿಟ್ಟು ತೆಗೆದ. ಚಿಕ್ಕಗೌರಮ್ಮ.

“ಹೇಳಿದೆ ಕಣಪ್ಪ! ರೇವಮ್ಮ ಬಾಯಿ ತೆರಕೊಂಡು ನಿಂತ್ಕೊಂಬುಟ್ಳು. ಜ್ಯೋತಿ ಮುಖ ಕೆಂಪಗಾಗಿ, ಒಂದು ಮಾತೂ ಆಡ್ದೆ ಒಳಕ್ಕೆ ಹೋಗಿ ಬಾಗಿಲು ಹಾಕ್ಕಂಡ್ಳು. ನಾಚಿಕೆ ನೋಡು!”

ನಾಚಿಕೆಯಲ್ಲ ಎಂದು ದಯಾನಂದನಿಗೆ ಗೊತ್ತಿತ್ತು. 'ದೇವರು ಕೊಟ್ಟಾಗ' ಎಂದು ಎಲ್ಲರಿಗೂ ನಗುತ್ತಾ ಹೇಳಿ, ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವ ಹೆಂಗಸು ಅವಳು. ನಲ್ಲಿಯ ಸದ್ದಿನ ಹಿಂದಿನ ಸದ್ದು ಅವನಿಗೆ ಆರು ವರ್ಷದಿಂದ ಕೇಳಿಸಿದೆ. ಇವತ್ತು ಅವಳ ತಾಯಿಯ ಮುಂದೆ, ಊರ ಹೆಂಗಸರ ಮುಂದೆ ಅವಳನ್ನು ತಾನೇ ನಿಲ್ಲಿಸಿದ್ದ. ಒಂದು ಪಂಚೆ ಸಂಡಿಗೆಗಾಗಿ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮತ್ತೆ ಮೊಬೈಲು ಕೂಗಿತು. ಈ ಸಲ ಜ್ಯೋತಿಯೇ.

“ಏನ್ರೀ, ಬೀದಿಗೆಲ್ಲ ಏನು ಹೇಳಿದೀರ?”

“ಜ್ಯೋತಿ, ನಾನು ಬೇಕು ಅಂತ… ನನ್ನ ಮಾತು ಸ್ವಲ್ಪ…”

“ಫೋನಲ್ಲಿ ಬ್ಯಾಡ. ಬತ್ತೀನಿ. ಬಂದು ಕೇಳ್ತೀನಿ.” ಫೋನು ಇಟ್ಟಳು.

ದಯಾನಂದ ಅಲ್ಲೇ ನಿಂತ. ಅವಳಿಗೆ ಏನು ಹೇಳಬೇಕು, ಯಾವ ಮಾತಿನಿಂದ ಶುರುಮಾಡಬೇಕು, ಕಾಲು ಹಿಡಿದರೆ ಬಿಡುತ್ತಾಳೋ ಒದೆಯುತ್ತಾಳೋ ಎಂದು ಯೋಚಿಸುತ್ತಾ ನಿಂತ. ಎಷ್ಟು ಹೊತ್ತು ನಿಂತಿದ್ದನೋ ಅವನಿಗೇ ತಿಳಿಯದು. ಕತ್ತಿನ ಹಿಂದಿನಿಂದ ಬೆನ್ನಿಗೆ ತಣ್ಣಗೆ ಏನೋ ಇಳಿದಾಗ ಎಚ್ಚರವಾಯಿತು. ಮಳೆ ಸುರಿಯುತ್ತಿತ್ತು. ಪಂಚೆಯ ಮೇಲೆ ಸಂಡಿಗೆಗಳು ಒಂದರ ಕೈ ಒಂದು ಹಿಡಿದುಕೊಂಡು, ಮೆತ್ತಗಾಗಿ, ನೀರಿನ ಜೊತೆ ತೂಬಿನ ಕಡೆ ಹೊರಟಿದ್ದವು. ಅವನು ಮಂಡಿಯೂರಿ ಬಾಚಿದ. ಕೈಗೆ ಬಂದದ್ದು ಗಂಜಿ. ಅದನ್ನೇ ಒಂದು ಬಕೆಟ್ಟಿಗೆ ತುಂಬಿದ. ಬಕೆಟ್ಟು ತುಂಬುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಂತು.

ಸಂಜೆಗೆ ಟೆಂಪೋ ಬಂತು. ಬಂದವರು ಮೈಮೇಲೆ ನೀರು ಹಾಕಿಕೊಂಡು, ಒದ್ದೆ ತಲೆಯಲ್ಲೇ ತಂತಮ್ಮ ಮಾಲು ನೋಡಲು ಓಡಿದರು. ಹುಣಸೆಹಣ್ಣು ಒಣಗಿತ್ತು. ಮೆಣಸಿನಕಾಯಿ ಒಣಗಿತ್ತು. ರೇಣುಕಪ್ರಸಾದ್ ಒಂದು ಕೊಬ್ಬರಿ ಎತ್ತಿ ಮೂಸಿ ನೋಡಿ ಅಕ್ಷೀ ಎಂದು ಸೀನಿದ. ಕಣ್ಣೊರೆಸಿಕೊಂಡು, “ಘಾಟು ಐತೆ. ಆದ್ರೆ ಒಂದು ಹನಿ ಬಿದ್ದಿಲ್ಲ ಕಣ್ಲಾ. ಅಪ್ಪ ಆಗೋನಿಗೆ ಜವಾಬ್ದಾರಿ ಬಂದೈತೆ” ಎಂದು ಬೆನ್ನು ತಟ್ಟಿದ. ಎಲ್ಲರೂ ಹೊಗಳಿದರು. ದಯಾನಂದ ಒಂದು ಹೊಗಳಿಕೆಯನ್ನೂ ಕೇಳಿಸಿಕೊಳ್ಳದೆ ಕೆರೆ ಏರಿಯ ತಿರುವನ್ನೇ ನೋಡುತ್ತಿದ್ದ.

ಬಸ್ಸು ಬಂತು. ಜ್ಯೋತಿ ಇಳಿದಳು. ಚಿಕ್ಕಗೌರಮ್ಮ ಓಡಿಹೋಗಿ ಅವಳ ಕೈಯಿಂದ ಬ್ಯಾಗು ಕಿತ್ತುಕೊಂಡು, “ಭಾರ ಎತ್ತಬ್ಯಾಡ ಕಣವ್ವ, ಈಗ್ಲೇ ಜೋಪಾನ” ಎಂದಳು. ಜ್ಯೋತಿ ಯಾರ ಮುಖವನ್ನೂ ನೋಡದೆ ಮನೆಯೊಳಗೆ ಬಂದು, ಗಂಡ ಒಳಗೆ ಬಂದ ಮೇಲೆ ಬಾಗಿಲು ಹಾಕಿ ಅಗುಳಿ ತಳ್ಳಿದಳು.

“ಯಾರು ಹೇಳಿದ್ದು ನಿಮಗೆ?”

“ತಪ್ಪಾಯ್ತು ಕಣೇ,” ದಯಾನಂದ ಮಧ್ಯಾಹ್ನದಿಂದ ಕಲಿತಿಟ್ಟಿದ್ದ ಪಾಠ ಒಪ್ಪಿಸತೊಡಗಿದ. “ನಿನ್ನ ಮನಸ್ಸಿಗೆ ನೋವಾಗೋ ಹಂಗೆ ನಾನು…”

“ಅದೆಲ್ಲ ಆಮೇಲೆ. ಯಾರು ಹೇಳಿದ್ದು? ಡಾಕ್ಟ್ರ ಹತ್ರ ಹೋಗಿದ್ದೋರು ನಾನೂ ಅವ್ವನೂ ಇಬ್ಬರೇ. ನಿನ್ನೆ ಸಂಜೆ ಗೊತ್ತಾಗಿದ್ದು. ಹಿಂದೆ ಎರಡು ಸಲ ಸುಮ್ಮನೆ ಆಸೆ ಪಟ್ಟು ನೀವೂ ಅತ್ತಿದ್ರಿ, ನಾನೂ ಅತ್ತಿದ್ದೆ. ಅದಕ್ಕೇ ಈ ಸಲ ಖಾತ್ರಿ ಆಗ್ಲಿ ಅಂತ ಅವ್ವನಿಗೆ ಹುಷಾರಿಲ್ಲ ಅಂತ ಹೇಳಿ ಹೋದೆ. ನಾನೇ ಬಂದು ನಿಮ್ಮ ಕಿವೀಲಿ ಹೇಳ್ಬೇಕು, ನಿಮ್ಮ ಮುಖ ನೋಡ್ಬೇಕು ಅಂತ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಫೋನಲ್ಲಿ ಬಾಯಿಬಿಟ್ಟೇನು ಅಂತ ಫೋನೂ ಆಫ್ ಮಾಡಿಟ್ಟಿದ್ದೆ. ನೋಡಿದ್ರೆ ಚಿಕ್ಕಗೌರಮ್ಮ ಬಂದು ನನಗೇ ಹೇಳ್ತಾಳೆ! ಎರಡು ತಿಂಗಳು ಅಂತ ಲೆಕ್ಕಾನೂ ಸರಿಯಾಗಿ ಹೇಳ್ತಾಳೆ!”

ಮಾತು ದಯಾನಂದನ ಕಿವಿಗೆ ಬಿದ್ದದ್ದು ಬೇಗ, ತಲೆಗೆ ಹೋದದ್ದು ನಿಧಾನ. ಮೋಟಾರಿನ ತಂತಿ ಕೂಡಿಸಿ ಸ್ವಿಚ್ಚು ಹಾಕಿದ ಮೇಲೂ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ತಿರುಗುತ್ತದಲ್ಲ, ಹಾಗೆ. ತಿರುಗಿದ ಮೇಲೆ ಅವನು ಗೋಡೆ ಹಿಡಿದುಕೊಂಡ.

“ನಿಜಾನಾ ಜ್ಯೋತಿ?”

“ಗೊತ್ತಿಲ್ಲದೋರ ಹಂಗೆ ನಾಟಕ ಆಡಬ್ಯಾಡಿ!”

ದಯಾನಂದ ನಕ್ಕ. ನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು, ಅದರಲ್ಲಿ ಮೆಣಸಿನಕಾಯಿಯ ಪಾಲು ಬಹಳ ಕಡಿಮೆ. ಅವಳ ಎರಡೂ ಕೈ ಹಿಡಿದುಕೊಂಡು, ಗಿಡ್ಡಯ್ಯ ಸತ್ತದ್ದು, ಟೆಂಪೋ ಬಂದದ್ದು, ಜ್ವರದ ಸುಳ್ಳು ನಡೆಯದೇ ಹೋದದ್ದು, ಬಾಯಿಗೆ ಬಂದ ಸುಳ್ಳು ಹೇಳಿದ್ದು, ಎಲ್ಲವನ್ನೂ ಒಂದನ್ನೂ ಬಿಡದೆ ಹೇಳಿದ. ಅವನ ಜೀವಮಾನದಲ್ಲಿ ಅಷ್ಟು ಪೂರ್ತಿಯಾಗಿ ನಿಜ ಹೇಳಿದ್ದು ಅದೇ ಮೊದಲು.

ಜ್ಯೋತಿ ಕೊನೆಯವರೆಗೂ ಕೇಳಿದಳು. “ಸಂಡಿಗೆ ಕಾಯಕ್ಕೆ ಅಂತ ಹೆಂಡ್ತಿ ಬಸುರಿ ಅಂದ್ರಾ?”

“ಹೂಂ ಕಣೇ. ನಿನ್ನಾಣೆ.”

“ಸರಿ. ಎಲ್ಲಿ ಸಂಡಿಗೆ?”

ದಯಾನಂದನ ಕಣ್ಣು ತಾನಾಗಿಯೇ ಬಚ್ಚಲ ಕಡೆ ಹೋಯಿತು. ಜ್ಯೋತಿ ಹೋಗಿ ಬಕೆಟ್ಟು ನೋಡಿ ಬಂದಳು.

“ರೇಣುಕಣ್ಣನ ಕೊಬ್ಬರಿ ನೆಂದಿಲ್ಲ, ಚಿಕ್ಕಗೌರಮ್ಮನ ಮೆಣಸಿನಕಾಯಿ ನೆಂದಿಲ್ಲ. ಇಡೀ ಬೀದೀಲಿ ನೆಂದಿರೋದು ನಮ್ಮ ಸಂಡಿಗೆ ಒಂದೇ. ಅದನ್ನ ಕಾಯಕ್ಕೆ ಅಂತ ಸುಳ್ಳು ಹೇಳಿದ್ರಂತೆ. ಯಾರಿಗೆ ಹೇಳ್ತೀರ ಈ ಕತೆ? ಅವ್ವ ನಿನ್ನೇನೇ ನಿಮಗೆ ಫೋನು ಮಾಡಿ ಬಾಯಿಬಿಟ್ಟವ್ಳೆ. ಅವಳನ್ನ ಉಳಿಸಕ್ಕೆ ನೀವು ಗಿಡ್ಡಯ್ಯನ ಹೆಣ ಅಡ್ಡ ಇಟ್ಕೊಂಡಿದೀರ.”

“ಇಲ್ಲ ಕಣೇ, ನಿಜವಾಗ್ಲೂ ನನಗೆ ಏನೂ…”

ಬೆಳಿಗ್ಗೆ ಅವನು ಒಂದು ಸುಳ್ಳು ಹೇಳಿದ್ದ, ಬೀದಿಯೆಲ್ಲ ನಂಬಿತ್ತು. ಸಂಜೆ ಇಷ್ಟೊಂದು ನಿಜ ಹೇಳಿದ, ಕಟ್ಟಿಕೊಂಡ ಹೆಂಡತಿ ನಂಬಲಿಲ್ಲ. ಜ್ಯೋತಿ ಆಗಲೇ ಮೊಬೈಲು ಕಿವಿಗಿಟ್ಟಿದ್ದಳು.

“ಅವ್ವ, ಯಾರಿಗೂ ಹೇಳ್ಬ್ಯಾಡ ಅಂತ ಕೈ ಮೇಲೆ ಕೈ ಇಡಿಸ್ಕೊಂಡಿದ್ದೆ ನಿನ್ನ ಹತ್ರ… ನಿನ್ನ ಆಣೆ ಪ್ರಮಾಣ ಎಲ್ಲ ಬ್ಯಾಡ. ಇಲ್ಲಿ ಎಲ್ಲ ಗೊತ್ತಾಯ್ತು. ಚೊಚ್ಚಲು ಬಾಣಂತನ ತವರಲ್ಲಿ ಅಂತ ಕುಣೀತಿದ್ಯಲ್ಲ, ನಾನು ಬರಲ್ಲ. ಬಾಯಿಗೆ ಬಾಗಿಲಿಲ್ಲದ ಮನೆಗೆ ನನ್ನ ಮಗೂನ ತರಲ್ಲ.”

ಆ ಕಡೆಯಿಂದ ರೇವಮ್ಮ ಕಿರುಚಿದ್ದು ದಯಾನಂದನಿಗೂ ಕೇಳಿಸಿತು. “ಅಯ್ಯೋ, ಅಲ್ಲಿ ಯಾರೇ ಮಾಡ್ತಾರೆ? ನಿನಗೆ ಅತ್ತೇನೂ ಇಲ್ಲ, ನಾದಿನೀನೂ ಇಲ್ಲ!”

“ನಿನ್ನ ಅಳಿಯ ಅವ್ರಲ್ಲ. ನೀವಿಬ್ರೂ ಒಂದೇ ಕಡೆ. ಅವರೇ ಮಾಡ್ಲಿ.”

ಮೊಬೈಲು ಮೇಜಿನ ಮೇಲೆ ಕುಕ್ಕಿ ಜ್ಯೋತಿ ಒಳಗೆ ಹೋದಳು. ದಯಾನಂದ ನಡುಮನೆಯಲ್ಲೇ ನಿಂತುಕೊಂಡ. ಅಪ್ಪನಾಗುವ ಸಂತೋಷ ಎದೆಯ ತುಂಬ ಇತ್ತು, ಅದನ್ನು ಹಂಚಿಕೊಳ್ಳಬೇಕಾದವಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಬೀದಿಯ ಕಡೆಯ ಕಿಟಕಿಯಲ್ಲಿ ಏನೋ ಸರಿದಾಡಿತು. ಸರಳು ಹಿಡಿದುಕೊಂಡು ಚಿಕ್ಕಗೌರಮ್ಮ ನಿಂತಿದ್ದಳು, ಯಾವಾಗಿನಿಂದಲೋ.

“ದಯಾ, ಬಾಣಂತನ ನೀನೇ ಮಾಡ್ತೀಯಂತೆ?”

ದಯಾನಂದ ಮುಚ್ಚಿದ ಕೋಣೆಯ ಕಡೆ ಒಮ್ಮೆ ನೋಡಿ, ಕಿಟಕಿಯ ಹತ್ತಿರ ಹೋಗಿ, ದನಿ ತಗ್ಗಿಸಿ ಕೇಳಿದ.

“ದೊಡ್ಡವ್ವ, ಕೂಸನ್ನ ಕಾಲ ಮೇಲೆ ಹಾಕ್ಕೊಂಡು ನೀರು ಹುಯ್ತಾರಲ್ಲ, ಅದು ಹೆಂಗೆ?”